ಊರನ್ನು ಒಡೆಯಲು ಬಿಡದ ಪೌರಸಭೆ: ತುಜ್ಲಾ ಮತ್ತು ಅದರ ಮೇಯರ್ ಸೆಲಿಮ್ ಬೆಶ್ಲಾಗಿಚ್

ಬೋಸ್ನಿಯಾ ಯುದ್ಧದ ಚರಿತ್ರೆಯೆಂದರೆ ನಮಗೆ ನೆನಪಾಗುವುದು ಸರಾಯೆವೊದ ಮುತ್ತಿಗೆ ಮತ್ತು ಸ್ರೆಬ್ರೆನಿತ್ಸಾದ ಹತ್ಯಾಕಾಂಡ. ಅದೇ ವರ್ಷಗಳಲ್ಲಿ ಈಶಾನ್ಯ ಬೋಸ್ನಿಯಾದ ತುಜ್ಲಾ ಎಂಬ ಗಣಿ ಊರಿನ ಪೌರಸಭೆ ತನ್ನ ಜನರನ್ನು ಜನಾಂಗ-ಧರ್ಮದ ಲೆಕ್ಕದಲ್ಲಿ ವಿಂಗಡಿಸಲು ಒಪ್ಪದೆ ನಿಂತಿತ್ತು. 1990ರ ಚುನಾವಣೆಯಿಂದ ಆ ದಶಕದ ಕೊನೆಯವರೆಗೆ ಅದರ ಚುಕ್ಕಾಣಿ ಹಿಡಿದವರು ಸೆಲಿಮ್ ಬೆಶ್ಲಾಗಿಚ್. ಸ್ಥಳೀಯ ಆಡಳಿತವೆಂದರೆ ಚರಂಡಿ, ಬೀದಿದೀಪ, ಕಂದಾಯವಷ್ಟೇ ಎಂದುಕೊಂಡವರು ಈ ಪೌರಸಭೆಯ ಕಥೆಯನ್ನು ತಿಳಿಯಲೇಬೇಕು.

ತುಜ್ಲಾ ಬೆಳೆದದ್ದು ಉಪ್ಪಿನಿಂದ. ಆಸ್ಟ್ರಿಯಾ-ಹಂಗೇರಿಯ ಆಳ್ವಿಕೆಯಲ್ಲಿ, 19ನೇ ಶತಮಾನದ ಕೊನೆಯ ದಶಕಗಳಲ್ಲಿ, ನೆಲದಡಿಯ ಉಪ್ಪುನೀರನ್ನು ಪಂಪ್ ಮಾಡಿ ತೆಗೆಯುವ ಕಾರ್ಖಾನೆಗಳು ಬಂದವು. ಪಕ್ಕದ ಕ್ರೆಕಾದಲ್ಲಿ ಕಲ್ಲಿದ್ದಲು ಗಣಿ ತೆರೆಯಿತು. ಕೆಲಸ ಹುಡುಕಿ ನಾನಾ ಕಡೆಯ ಜನ ಬಂದು ನೆಲೆಸಿದರು. 1920ರ ಡಿಸೆಂಬರ್‌ನಲ್ಲಿ ಕಲ್ಲಿದ್ದಲು ಕಾರ್ಮಿಕರು ಮುಷ್ಕರ ಹೂಡಿದಾಗ ಸರ್ಕಾರ ಹೊರಗಿನಿಂದ ಬಂದ ಕಾರ್ಮಿಕರ ಸಂಸಾರಗಳನ್ನು ಗಣಿಯ ವಸತಿಗಳಿಂದ ಹೊರಹಾಕಿತು. ತುಜ್ಲಾ ಬಳಿಯ ಹುಸಿನೊ ಹಳ್ಳಿಯವರು ಅವರನ್ನು ತಮ್ಮ ಮನೆಗಳಿಗೆ ಕರೆದುಕೊಂಡರು, ಪೊಲೀಸರನ್ನು ಎದುರಿಸಿದರು. ಬಂಡಾಯವನ್ನು ಹತ್ತಿಕ್ಕಲಾಯಿತು, ಆದರೆ ಬೀದಿಗೆ ಬಿದ್ದವರಿಗೆ ಬಾಗಿಲು ತೆರೆದದ್ದು ಊರಿನ ಹೆಮ್ಮೆಯಾಗಿ ಉಳಿಯಿತು. ಹುಸಿನೊದ ಗಣಿ ಕಾರ್ಮಿಕನ ಪ್ರತಿಮೆ ಇಂದಿಗೂ ತುಜ್ಲಾದಲ್ಲಿದೆ.

ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಬೆಂಬಲದ ಕ್ರೊವಾಟ್ ಉಸ್ತಾಶಾ ಆಡಳಿತ ಸೆರ್ಬ್ ಜನರ ಮೇಲೆ ಮುಗಿಬಿದ್ದಾಗ ಅವರ ಪರವಾಗಿ ನಿಂತವರಲ್ಲಿ ಊರಿನ ಮುಫ್ತಿ ಮುಹಮದ್ ಶೆಫ್ಕೆತ್ ಕುರ್ತ್ ಒಬ್ಬರು. 1943ರ ಅಕ್ಟೋಬರ್ 2ರಂದು ಟಿಟೊ ನಾಯಕತ್ವದ ಪಾರ್ಟಿಸಾನ್ ಪಡೆಗಳು ಊರನ್ನು ಬಿಡಿಸಿಕೊಂಡವು.

ಅದಕ್ಕೂ ಮುಂಚೆ, 1942ರಲ್ಲಿ, ಹುಟ್ಟಿದವರು ಬೆಶ್ಲಾಗಿಚ್. ಓದಿದ್ದು ರಸಾಯನ ಎಂಜಿನಿಯರಿಂಗ್. 1990ರ ನವೆಂಬರ್‌ನಲ್ಲಿ ಬೋಸ್ನಿಯಾದಲ್ಲಿ ಮೊದಲ ಬಹುಪಕ್ಷ ಚುನಾವಣೆ ನಡೆದಾಗ ಬಹುತೇಕ ಎಲ್ಲ ಕಡೆ ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಮ್), ಸೆರ್ಬ್, ಕ್ರೊವಾಟ್ ರಾಷ್ಟ್ರೀಯವಾದಿ ಪಕ್ಷಗಳು ಗೆದ್ದು ಅಧಿಕಾರ ಹಂಚಿಕೊಂಡವು. ತುಜ್ಲಾದ ಮತದಾರರು ಮಾತ್ರ ಯುಗೊಸ್ಲಾವಿಯಾದ ಪ್ರಧಾನಿ ಆಂಟೆ ಮಾರ್ಕೊವಿಚ್ ಕಟ್ಟಿದ್ದ ಸುಧಾರಣಾವಾದಿ ಪಕ್ಷದವರನ್ನೂ ಎಡಪಕ್ಷದವರನ್ನೂ ಗೆಲ್ಲಿಸಿದರು; ಬೆಶ್ಲಾಗಿಚ್ ಮೇಯರ್ ಆದರು. ಜನ ಹೀಗೆ ಮತ ಹಾಕಿದ್ದಕ್ಕೆ ಕಾರಣ 1991ರ ಜನಗಣತಿಯಲ್ಲಿ ಕಾಣುತ್ತದೆ. ಸುಮಾರು 1 ಲಕ್ಷ 31 ಸಾವಿರ ಜನರಲ್ಲಿ ಮುಸ್ಲಿಮರು ಅರ್ಧಕ್ಕಿಂತ ತುಸು ಕಡಿಮೆ, ಸೆರ್ಬರು ಮತ್ತು ಕ್ರೊವಾಟರು ತಲಾ ಶೇ. 15ರಷ್ಟು. ಆರರಲ್ಲಿ ಒಬ್ಬರು ತಮ್ಮನ್ನು ಬರಿದೇ 'ಯುಗೊಸ್ಲಾವ್' ಎಂದು ಬರೆಸಿದ್ದರು. ಒಂದೇ ಗಣಿಗೆ ಇಳಿಯುತ್ತಿದ್ದ, ಒಂದೇ ಕಾರ್ಖಾನೆಯ ಪಾಳಿಯಲ್ಲಿ ದುಡಿಯುತ್ತಿದ್ದ, ಮದುವೆಗಳಲ್ಲೂ ಬೆರೆತಿದ್ದ ಜನ ಅವರು.

1992ರ ವಸಂತದಲ್ಲಿ ಯುದ್ಧ ಬಂತು. ಮೇ 15ರಂದು ಊರು ಬಿಟ್ಟು ಹೊರಟಿದ್ದ ಯುಗೊಸ್ಲಾವ್ ಸೇನೆಯ ವಾಹನಗಳ ಸಾಲಿನ ಮೇಲೆ ಗುಂಡಿನ ದಾಳಿಯಾಗಿ ಅನೇಕ ಸೈನಿಕರು ಸತ್ತರು. ಅದಕ್ಕೆ ಹೊಣೆ ಯಾರು ಎಂಬ ವಾದ ಇಂದಿಗೂ ಮುಗಿದಿಲ್ಲ. ಸಾವಿರಾರು ಸೆರ್ಬರು ಊರು ಬಿಟ್ಟದ್ದೂ ನಿಜ. ಆದರೂ ಸಾವಿರಾರು ಸೆರ್ಬರು ಉಳಿದರು, ಕ್ರೊವಾಟರು ಉಳಿದರು, ಊರ ನಡುವಿನ ಸೆರ್ಬರ ಆರ್ಥಡಾಕ್ಸ್ ಚರ್ಚ್ ಉಳಿಯಿತು. ಸುತ್ತಲಿನ ಊರುಗಳಿಂದ ಓಡಿಬಂದ ನಿರಾಶ್ರಿತರಿಂದ ತುಜ್ಲಾ ತುಂಬಿತು. 1993ರಲ್ಲಿ ಬೋಸ್ನಿಯಾಕರಿಗೂ ಕ್ರೊವಾಟರಿಗೂ ಕಾಳಗ ಹತ್ತಿ ರಸ್ತೆಗಳು ಮುಚ್ಚಿದಾಗ ಅನ್ನಕ್ಕೂ ತತ್ವಾರವಾಯಿತು. ಅಂಥ ದಿನಗಳಲ್ಲೇ, ಆ ವರ್ಷದ ಫೆಬ್ರುವರಿಯಲ್ಲಿ, ಊರಿನವರು 'ತುಜ್ಲಾ ನಾಗರಿಕರ ವೇದಿಕೆ' ಕಟ್ಟಿದರು. ದೇಶವನ್ನು ಧರ್ಮದ ಗೆರೆ ಎಳೆದು ಹಂಚುವ ಯೋಜನೆಗಳು ಒಂದಾದಮೇಲೊಂದು ಬರುತ್ತಿದ್ದಾಗ ಮೇಯರ್ ಅವನ್ನು ಬಹಿರಂಗವಾಗಿ ವಿರೋಧಿಸಿದರು. ಹೀಗೆ ಅವರು ಎದುರಾಳಿ ಬೋಸ್ನಿಯನ್ ಸೆರ್ಬ್ ಸೇನೆಯನ್ನೂ ತಮ್ಮದೇ ಕಡೆಯ ರಾಷ್ಟ್ರೀಯವಾದಿಗಳನ್ನೂ ಒಟ್ಟಿಗೆ ಎದುರುಹಾಕಿಕೊಂಡರು.

ಆ ನಿಲುವಿಗೆ ಅತಿ ಕಠಿಣ ಪರೀಕ್ಷೆ ಎದುರಾದದ್ದು 1995ರ ಮೇ 25ರಂದು. ಹಿಂದೆ ಅದು ಯುಗೊಸ್ಲಾವಿಯಾದ ನಾಯಕ ಟಿಟೊ ಹುಟ್ಟುಹಬ್ಬದ 'ಯುವಜನ ದಿನ'. ಸಂಜೆ ಹಿತವಾಗಿತ್ತು. ಹಳೆಯ ಪೇಟೆಯ ಕಪಿಯಾ ಚೌಕದಲ್ಲಿ ಹುಡುಗ ಹುಡುಗಿಯರು ಕಾಫಿ ಅಂಗಡಿಗಳ ಮುಂದೆ ಸೇರಿದ್ದರು. ರಾತ್ರಿ 8 ಗಂಟೆ 55 ನಿಮಿಷಕ್ಕೆ ಓಜ್ರೆನ್ ಬೆಟ್ಟದ ಕಡೆಯಿಂದ ಬಂದ ಒಂದು ಫಿರಂಗಿ ಗುಂಡು ಚೌಕದ ನಡುವೆ ಸಿಡಿಯಿತು. 71 ಜನ ಸತ್ತರು, 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಒಂದು ಮಗುವಿಗೆ ಮೂರು ವರ್ಷವೂ ಆಗಿರಲಿಲ್ಲ.

ಸತ್ತವರಲ್ಲಿ ಎಲ್ಲ ಸಮುದಾಯದವರೂ ಇದ್ದರು. ಒಬ್ಬೊಬ್ಬರ ಶವ ಒಂದೊಂದು ಧರ್ಮದ ಸ್ಮಶಾನಕ್ಕೆ ಹೋದರೆ ಗುಂಡು ಹಾರಿಸಿದವರು ಬಯಸಿದ್ದೇ ನಡೆದಂತಾಗುತ್ತಿತ್ತು. ಒಟ್ಟಿಗೆ ಕೂತಿದ್ದ ಮಕ್ಕಳನ್ನು ಒಟ್ಟಿಗೇ ಮಣ್ಣು ಮಾಡೋಣ ಎಂದು ಮೇಯರ್ ಕೇಳಿಕೊಂಡರು. ಕರುಳಿನ ಕುಡಿ ಕಳೆದುಕೊಂಡವರ ಮುಂದೆ ಆ ಮಾತೆತ್ತುವುದು ಎಷ್ಟು ಕಷ್ಟವಿದ್ದೀತು! ಧಾರ್ಮಿಕ ವಲಯದಿಂದ ವಿರೋಧವೂ ಬಂತು. ಆದರೂ ಹೆಚ್ಚಿನ ಹೆತ್ತವರು ಒಪ್ಪಿದರು. ಮತ್ತೆ ಫಿರಂಗಿ ದಾಳಿಯಾದೀತೆಂಬ ಭಯವಿದ್ದುದರಿಂದ ಮೇ 29ರ ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಕತ್ತಲಲ್ಲೇ, ಸ್ಲಾನಾ ಬಾನ್ಯಾ ಉದ್ಯಾನದಲ್ಲಿ ಐವತ್ತರಷ್ಟು ಮಂದಿಯ ಅಂತ್ಯಕ್ರಿಯೆ ನಡೆಯಿತು. ಆ ಜಾಗಕ್ಕೆ 'ಯೌವನದ ಸಾಲುದಾರಿ' ಎಂದು ಹೆಸರು. ಧರ್ಮಕ್ಕೊಂದು ಸಾಲು ಅಲ್ಲಿಲ್ಲ. ಈ ಪೌರಸಭೆ ಮಾಡಿದ ಅತ್ಯಂತ ದೊಡ್ಡ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

ಎರಡು ತಿಂಗಳು ಕಳೆಯುವ ಮೊದಲೇ ಸ್ರೆಬ್ರೆನಿತ್ಸಾದಲ್ಲಿ ಗಂಡಂದಿರನ್ನೂ ಗಂಡುಮಕ್ಕಳನ್ನೂ ಕಳೆದುಕೊಂಡ ಸಾವಿರಾರು ಹೆಂಗಸರು ತುಜ್ಲಾದ ವಿಮಾನ ನೆಲೆಗೆ ಬಂದಿಳಿದರು. ಊರು ಅವರಿಗೂ ಆಸರೆಯಾಯಿತು. ಕಪಿಯಾ ದಾಳಿಗಾಗಿ ಬೋಸ್ನಿಯಾದ ನ್ಯಾಯಾಲಯ 2009ರಲ್ಲಿ ಬೋಸ್ನಿಯನ್ ಸೆರ್ಬ್ ಸೇನೆಯ ಅಧಿಕಾರಿ ನೊವಾಕ್ ಜುಕಿಚ್‌ಗೆ 25 ವರ್ಷ ಶಿಕ್ಷೆ ವಿಧಿಸಿತು. ಮುಂದೆ ಅದು 20 ವರ್ಷಕ್ಕೆ ಇಳಿಯಿತು, ಆತ ಸರ್ಬಿಯಾ ಸೇರಿಕೊಂಡ.

ಯುದ್ಧ ಮುಗಿದ ಮೇಲೆ, 1997ರ ಚುನಾವಣೆಯಲ್ಲೂ ಊರು ಬೆಶ್ಲಾಗಿಚ್ ಬಳಗವನ್ನೇ ಆರಿಸಿತು. 2001ರಲ್ಲಿ ಮೇಯರ್ ಆದ ಜಾಸ್ಮಿನ್ ಇಮಾಮೊವಿಚ್ ಎರಡು ದಶಕ ಅದೇ ಹಾದಿಯಲ್ಲಿ ನಡೆದರು. ನೂರು ವರ್ಷ ಉಪ್ಪುನೀರು ತೆಗೆದು ತೆಗೆದು ಊರಿನ ನೆಲ ಕುಸಿದಿತ್ತು, ಹಳೆಯ ಕಟ್ಟಡಗಳು ಬಿದ್ದಿದ್ದವು. ಅದೇ ಉಪ್ಪುನೀರಿನಿಂದ 2003ರಲ್ಲಿ ಊರ ಮಧ್ಯೆ ಈಜುವ ಸರೋವರ ತೆರೆಯಿತು. ಬೇಸಿಗೆಯಲ್ಲಿ ಈಗ ಅಲ್ಲಿ ಜನಜಾತ್ರೆ. ಎಲ್ಲವೂ ಸುಖಾಂತವೇನಲ್ಲ. ಖಾಸಗಿಯವರ ಕೈಸೇರಿ ಮುಚ್ಚಿದ ಕಾರ್ಖಾನೆಗಳ ಕಾರ್ಮಿಕರು 2014ರ ಫೆಬ್ರುವರಿಯಲ್ಲಿ ಬೀದಿಗಿಳಿದದ್ದು ಇಲ್ಲೇ. ಆ ಕಿಚ್ಚು ದೇಶಕ್ಕೆಲ್ಲ ಹಬ್ಬಿತು. ಆದರೆ ಅಲ್ಲಿ ಜನ ಕೇಳಿದ್ದು ಸಂಬಳ ಮತ್ತು ಕೆಲಸ. ನೆರೆಯವನ ಧರ್ಮದ ಮಾತು ಆ ಸಿಟ್ಟಿನಲ್ಲಿ ಇರಲಿಲ್ಲ.

ಬೆಶ್ಲಾಗಿಚ್ ಒಬ್ಬರೇ ಊರನ್ನು ಉಳಿಸಿದರು ಎಂದರೆ ಗಣಿಯವರಿಗೂ, ಮಕ್ಕಳನ್ನು ಕಳೆದುಕೊಂಡರೂ ಹೂಂ ಎಂದ ಹೆತ್ತವರಿಗೂ ಅನ್ಯಾಯವಾದೀತು. ಜನ ತಲೆಮಾರುಗಳಿಂದ ಬಾಳಿಕೊಂಡು ಬಂದ ಬದುಕನ್ನು ಅವರು ಆಡಳಿತದ ನಿಲುವಾಗಿ ಮಾಡಿದರು, ಅದರ ಬೆಲೆ ತೆರಬೇಕಾದ ಗಳಿಗೆಯಲ್ಲಿ ಹಿಂದೆ ಸರಿಯಲಿಲ್ಲ. ಪೌರಸಭೆಗೆ ಸೇನೆಯಿರಲಿಲ್ಲ, ಖಜಾನೆಯೂ ಇರಲಿಲ್ಲ. ಊರಿನಲ್ಲಿರುವವರೆಲ್ಲ ಊರಿನವರೇ ಎಂದು ಹೇಳುವ ಅಧಿಕಾರವಿತ್ತು. ಅಷ್ಟನ್ನೇ ಅವರು ಪೂರ್ತಿಯಾಗಿ ಬಳಸಿದರು, ಊರು ಒಡೆಯಲಿಲ್ಲ.