‘ಸಿಸ್ಟರ್’ ಎಂಬ ಸಂಬೋಧನೆಯ ಹಿಂದೆ: ಧಾರ್ಮಿಕ ಸಭೆಗಳ ಶುಶ್ರೂಷಕಿಯರು ಮತ್ತು ಕಲ್ಯಾಣದುರ್ಗ-ಹಿಂದೂಪುರ ಸೀಮೆ

ಕಲ್ಯಾಣದುರ್ಗದ ಆಸ್ಪತ್ರೆಯಲ್ಲಾಗಲಿ ಹಿಂದೂಪುರದ ಆಸ್ಪತ್ರೆಯಲ್ಲಾಗಲಿ ಹಾಸಿಗೆ ಹಿಡಿದವರು ಶುಶ್ರೂಷಕಿಯನ್ನು ಕರೆಯುವುದು ‘ಸಿಸ್ಟರ್’ ಎಂದೇ. ಕರೆಯುವವರ ಮನೆಮಾತು ಕನ್ನಡವೋ ತೆಲುಗೋ ಉರ್ದುವೋ, ಕರೆಸಿಕೊಳ್ಳುವವಳ ಮತ ಯಾವುದೋ, ಸಂಬೋಧನೆ ಮಾತ್ರ ಬದಲಾಗದು. ಸನ್ಯಾಸಿನಿಯರ ಮಠಗಳಿಂದ ಇಂಗ್ಲೆಂಡಿನ ಆಸ್ಪತ್ರೆಗಳ ವಾರ್ಡುಗಳಿಗೆ, ಅಲ್ಲಿಂದ ಇಲ್ಲಿಯ ಸರಕಾರಿ ಆಸ್ಪತ್ರೆಗಳಿಗೆ ನಡೆದುಬಂದ ಪದವಿದು. ಕನ್ನಡದಲ್ಲಿ ಇದಕ್ಕೆ ಪದಗಳಿರಲಿಲ್ಲವೆಂದಲ್ಲ. ‘ದಾದಿ’ ಸಂಸ್ಕೃತದ ‘ಧಾತ್ರಿ’ಯ ತದ್ಭವ, ಮೂಲತಃ ಮೊಲೆಯೂಡಿಸುವ ಸಾಕುತಾಯಿ. ‘ಶುಶ್ರೂಷಕಿ’ ಪುಸ್ತಕ ಬಿಟ್ಟು ಹೊರಬರಲಿಲ್ಲ. ‘ಸೂಲಗಿತ್ತಿ’ ಹಾಗೂ ಗಡಿಯಾಚೆಯ ‘ಮಂತ್ರಸಾನಿ’ ಹೆರಿಗೆಗೆ ಮೀಸಲಾದವು. ಸಂಬಳಕ್ಕಾಗಿ ಪರರ ಮೈಮುಟ್ಟಿ ಆರೈಕೆ ಮಾಡುವ, ಆದರೂ ಮರ್ಯಾದೆಗೆ ಕುಂದು ತಂದುಕೊಳ್ಳದ ಹೆಣ್ಣನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆಗೆ ಸಮಾಜ ಧಾರ್ಮಿಕ ಪದವೊಂದನ್ನು ಎರವಲು ಪಡೆಯಿತು. ಆ ಎರವಲಿನ ಹಿಂದಿರುವ ಚರಿತ್ರೆ, ಪದ ಸೂಚಿಸುವಷ್ಟು ಸರಳವಾದುದಲ್ಲ.

ಚರ್ಚೆಗೆ ಮೊದಲು ಇನ್ನೊಂದು ಪದವನ್ನೂ ಬಿಡಿಸಿಕೊಳ್ಳಬೇಕು. ಕನ್ನಡ ಕ್ರೈಸ್ತರ ಬಳಕೆಯಲ್ಲಿ ‘ಸಭೆ’ ಎಂದರೆ ಒಂದು ದೇವಾಲಯದ ಭಕ್ತಸಮುದಾಯವೂ ಹೌದು, ವ್ರತಧಾರಿಗಳ ಸಂಘವೂ ಹೌದು. ಮೊದಲನೆಯ ಅರ್ಥ ಪ್ರೊಟೆಸ್ಟೆಂಟರಲ್ಲಿ ಹೆಚ್ಚು ರೂಢ, ಎರಡನೆಯದು ಕಥೋಲಿಕರಲ್ಲಿ. ಶುಶ್ರೂಷೆಯ ಇತಿಹಾಸದಲ್ಲಿ ಈ ಎರಡು ‘ಸಭೆ’ಗಳು ಬೇರೆಬೇರೆ ದಾರಿಗಳನ್ನು ಹಿಡಿದವು.

ಕಲ್ಯಾಣದುರ್ಗ, ಹಿಂದೂಪುರಗಳು 1800ರಲ್ಲಿ ನಿಜಾಮನಿಂದ ಕಂಪನಿಗೆ ದತ್ತವಾದ ಸೀಮೆಗೆ ಸೇರಿದವು. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಜಿಲ್ಲೆ ಬೇರ್ಪಟ್ಟಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿದಾಗ ರಾಯದುರ್ಗ ಆಂಧ್ರದಲ್ಲುಳಿಯಿತು. ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ, ಕಲ್ಯಾಣದುರ್ಗ ಅನಂತಪುರದಲ್ಲೇ ನಿಂತಿತು. ವೈದ್ಯಕೀಯಕ್ಕೆ ಸಂಬಂಧಿಸಿದಂತೆ ಇಲ್ಲಿ ಗಮನಿಸಬೇಕಾದುದಿಷ್ಟು: ಸ್ವಾತಂತ್ರ್ಯಪೂರ್ವದಲ್ಲಿ ಈ ಸೀಮೆಯ ಶುಶ್ರೂಷಕಿಯರಿಗೂ ಸೂತಿಕಾ ಪರಿಚಾರಿಕೆಯರಿಗೂ ಅನ್ವಯಿಸುತ್ತಿದ್ದುದು 1926ರ ಮದ್ರಾಸಿನ ನೋಂದಣಿ ಕಾಯಿದೆ, ರೈಲು ಹಿಡಿದು ಹೊರಟ ಹಿಂದೂಪುರದ ರೋಗಿಗೆ ಹತ್ತಿರದ ದೊಡ್ಡ ಊರು ಬೆಂಗಳೂರು.

ಆ ಬೆಂಗಳೂರಿಗೆ ಗುಡ್ ಶೆಫರ್ಡ್ ಸಭೆಯ ಸನ್ಯಾಸಿನಿಯರು 1854ರಲ್ಲಿ ಬಂದರು. 1886ರಲ್ಲಿ ಸೇಂಟ್ ಮಾರ್ತಾಸ್ ಆಸ್ಪತ್ರೆಯನ್ನು ತೆರೆದರು. ಫ್ರಾನ್ಸಿನ ಆಂಜೆಯಲ್ಲಿ ನಿರ್ಗತಿಕ ಹೆಣ್ಣುಮಕ್ಕಳ ಆಶ್ರಯಕ್ಕಾಗಿ ಹುಟ್ಟಿದ ಸಭೆಯೊಂದು ಇಲ್ಲಿ ಆಸ್ಪತ್ರೆ ನಡೆಸಬೇಕಾಯಿತೆಂಬುದೇ ಈ ನೆಲದ ಅಗತ್ಯ ಎಂತಹದಾಗಿತ್ತೆಂಬುದನ್ನು ಹೇಳುತ್ತದೆ. ಆದರೆ ಅಗತ್ಯ ಅತ್ಯಂತ ತೀವ್ರವಾಗಿದ್ದ ಕಡೆ, ಎಂದರೆ ಹೆರಿಗೆಮನೆಯ ಹೊಸ್ತಿಲಲ್ಲಿ, ಕಥೋಲಿಕ ಸನ್ಯಾಸಿನಿ ನಿಂತುಬಿಡಬೇಕಾಗಿತ್ತು. ಹೆರಿಗೆಯ ಸೇವೆ ಬ್ರಹ್ಮಚರ್ಯ ವ್ರತಕ್ಕೆ ತಕ್ಕುದಲ್ಲವೆಂಬ ನಿಲುವು 1901ರಲ್ಲಿ ರೋಮ್ ಹೊರಡಿಸಿದ ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡಿತು. 1917ರ ಧರ್ಮಸಂಹಿತೆಯ 139ನೆಯ ವಿಧಿ ವಿಶೇಷ ಅನುಮತಿಯಿಲ್ಲದೆ ಪಾದ್ರಿಗಳು ವೈದ್ಯ ಹಾಗೂ ಶಸ್ತ್ರವೈದ್ಯ ವೃತ್ತಿಗಳನ್ನು ನಡೆಸಬಾರದೆಂದಿತು. 592ನೆಯ ವಿಧಿ ಪಾದ್ರಿಗಳ ಇಂಥ ನಿರ್ಬಂಧಗಳನ್ನು ಸನ್ಯಾಸಿನಿಯರಿಗೂ ವಿಸ್ತರಿಸಿತು. ಜ್ವರದ ರೋಗಿಯ, ಹುಣ್ಣಿನ ರೋಗಿಯ, ಸಾಯುತ್ತಿರುವವನ ಆರೈಕೆ ಮಾಡಬಹುದಿತ್ತು; ಹುಟ್ಟುತ್ತಿರುವ ಮಗುವನ್ನು ಕೈಗೆತ್ತಿಕೊಳ್ಳುವಂತಿರಲಿಲ್ಲ. ಪರಪುರುಷ ವೈದ್ಯನ ಕಣ್ಣಿಗೆ ಬೀಳದ ಹೆಂಗಸರ ಸಲುವಾಗಿ ಹೆಂಗಸರೇ ಬೇಕೆಂದು ವಾದಿಸಿ ನೆರವು ಕೇಳುತ್ತಿದ್ದ ಮಿಶನ್ ಲೋಕದಲ್ಲಿ ಈ ನಿಷೇಧದ ವಿಪರ್ಯಾಸ ಕಣ್ಣಿಗೆ ಹೊಡೆಯುವಂತಿತ್ತು.

ಇದನ್ನು ಎದುರಿಸಿದವರು ಮೊದಲಿಗೆ ಸಭೆಗಳ ಒಳಗಿನವರಲ್ಲ. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ (1837–1913) ರಾವಲ್ಪಿಂಡಿಯಲ್ಲಿ ಹೆಂಗಸರಿಗಾಗಿ ಆಸ್ಪತ್ರೆ ಕಟ್ಟಿಸಿ, ನಿಷೇಧ ಸಡಿಲಿಸುವಂತೆ ರೋಮಿಗೆ ಮತ್ತೆಮತ್ತೆ ಅರ್ಜಿ ಹಾಕಿಕೊಂಡರು. ಫಲ ಕಾಣದೆ ತೀರಿಕೊಂಡರು. ಅದೇ ಆಸ್ಪತ್ರೆಯಲ್ಲಿ ದುಡಿದ ಆಸ್ಟ್ರಿಯಾದ ಅನ್ನಾ ಡೆಂಗೆಲ್ 1925ರಲ್ಲಿ ವಾಷಿಂಗ್ಟನ್ನಿನಲ್ಲಿ ಮೆಡಿಕಲ್ ಮಿಶನ್ ಸಿಸ್ಟರ್ಸ್ ಸಭೆಯನ್ನು ಸ್ಥಾಪಿಸಿದಾಗ, ನಿಷೇಧಕ್ಕೆ ಸಿಲುಕದಿರಲು ಸದಸ್ಯೆಯರು ಬಹಿರಂಗ ವ್ರತವನ್ನೇ ಕೈಗೊಳ್ಳದೆ ಉಳಿಯಬೇಕಾಯಿತು. ಸನ್ಯಾಸ ಬೇಕೆಂದರೆ ವೈದ್ಯವಿಲ್ಲ, ವೈದ್ಯ ಬೇಕೆಂದರೆ ಸನ್ಯಾಸವಿಲ್ಲ.

ಆಂಧ್ರದ ನೆಲದಲ್ಲೇ ಒಂದು ಅಪವಾದ ಹುಟ್ಟಿತ್ತು. ಮೆಲ್ಬರ್ನಿನಲ್ಲಿ ವೈದ್ಯಪದವಿ ಪಡೆದ ಮೇರಿ ಗ್ಲೌರಿ, ಮೆಕ್‌ಲಾರೆನ್ನರ ಬದುಕನ್ನು ಕುರಿತ ಕಿರುಹೊತ್ತಗೆಯಿಂದ ಪ್ರೇರಿತರಾಗಿ 1920ರಲ್ಲಿ ಗುಂಟೂರಿಗೆ ಬಂದು ಯೇಸು-ಮೇರಿ-ಜೋಸೆಫ್ ಸಭೆಯನ್ನು ಸೇರಿದರು. ಸನ್ಯಾಸಿನಿಯಾಗಿಯೂ ವೈದ್ಯೆಯಾಗಿ ಮುಂದುವರಿಯಲು ಅವರಿಗೆ ಪೋಪ್ 15ನೆಯ ಬೆನೆಡಿಕ್ಟರ ವಿಶೇಷ ಅನುಮತಿ ದೊರಕಿತ್ತು. ಒಬ್ಬ ವೈದ್ಯೆಯಿಂದ ಏನೂ ಸಾಗದೆಂಬುದನ್ನು ಬೇಗನೆ ಅರಿತ ಅವರು ಸ್ಥಳೀಯ ಹೆಣ್ಣುಮಕ್ಕಳನ್ನು ಔಷಧ ಕೊಡುವ, ಆರೈಕೆ ಮಾಡುವ ಕೆಲಸಗಳಿಗೆ ತರಬೇತುಗೊಳಿಸಿದರು. ಅಂತೂ 1936ರ ಫೆಬ್ರುವರಿ 11ರಂದು ರೋಮಿನಿಂದ ಆದೇಶ ಹೊರಟಿತು: ಸನ್ಯಾಸಿನಿಯರು ವೈದ್ಯ, ಶುಶ್ರೂಷೆಗಳ ಪ್ರಮಾಣಪತ್ರ ಪಡೆಯಬಹುದು, ತಾಯಿ-ಮಕ್ಕಳ ಆರೈಕೆಗೆ ಇಳಿಯಬಹುದು. 1943ರಲ್ಲಿ ಗ್ಲೌರಿಯವರ ಮುಂದಾಳುತನದಲ್ಲಿ 16 ಮಂದಿ ಸನ್ಯಾಸಿನಿಯರು ಗುಂಟೂರಿನಲ್ಲಿ ಸೇರಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. 1957ರಲ್ಲಿ ಅವರು ನಿಧನರಾದದ್ದು ಬೆಂಗಳೂರಿನಲ್ಲಿ.

ಪ್ರೊಟೆಸ್ಟೆಂಟ್ ಸಭೆಗಳಿಗೆ ಈ ತೊಡಕಿರಲಿಲ್ಲ. ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ 1836ರಲ್ಲಿ ಥಿಯೋಡರ್ ಫ್ಲೀಡ್ನರ್ ಆರಂಭಿಸಿದ ಸೇವಕಿಯರ ಸಂಘ ಆಜೀವ ವ್ರತವಿಲ್ಲದ ಶುಶ್ರೂಷಾ ಜೀವನಕ್ಕೆ ಮಾದರಿಯಾಯಿತು. ಫ್ಲಾರೆನ್ಸ್ ನೈಟಿಂಗೇಲ್ ಅಲ್ಲಿಯೇ ಕಲಿತವರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಉಡುಪಿಯಲ್ಲಿ ಡಾ. ಇವಾ ಲೊಂಬಾರ್ಡ್ 1923ರಲ್ಲಿ ತೆರೆದ ಆಸ್ಪತ್ರೆ ಹೆಂಗಸರು-ಮಕ್ಕಳ ಚಿಕಿತ್ಸೆಗೆ ಹೆಸರಾದವು. ರಾಯಲಸೀಮೆಯ ರೋಗಿಗಳು ಇಂದಿಗೂ ಮೊರೆಹೋಗುವ ವೆಲ್ಲೂರಿನಲ್ಲಿ ಐಡಾ ಸ್ಕಡರ್ ಶುಶ್ರೂಷಾ ಶಾಲೆ ತೆರೆದದ್ದು 1909ರಲ್ಲಿ.

ಇಷ್ಟಾದರೂ 1946ರ ಭೋರ್ ಸಮಿತಿಯ ವರದಿ ಕೊಡುವ ಲೆಕ್ಕ ಗಾಬರಿ ಹುಟ್ಟಿಸುವಂತಹದು: ಬ್ರಿಟಿಷ್ ಇಂಡಿಯಾಕ್ಕೆಲ್ಲ ಸುಮಾರು 7,000 ಶುಶ್ರೂಷಕಿಯರು, ಎಂದರೆ 43,000 ಜನರಿಗೆ ಒಬ್ಬಳು. ಅವರಲ್ಲಿ ಬಹುಪಾಲು ಕ್ರೈಸ್ತರೂ ಆಂಗ್ಲೋ-ಇಂಡಿಯನ್ನರೂ ಆಗಿದ್ದರು. ಮೈಲಿಗೆಯ ಭಾವನೆ ಆಳವಾಗಿದ್ದ ಸಮಾಜದಲ್ಲಿ ಮಲಮೂತ್ರ, ಕೀವು, ರಕ್ತಗಳನ್ನು ಮುಟ್ಟುವ ಕೆಲಸಕ್ಕೆ ಮೇಲ್ಜಾತಿಯ ಹೆಣ್ಣುಮಕ್ಕಳು ಬರುತ್ತಿರಲಿಲ್ಲ. ಆ ಕೆಲಸಕ್ಕೆ ಗೌರವದ ಉಡುಪು ತೊಡಿಸಿದ್ದು ಧಾರ್ಮಿಕ ಸಭೆಗಳೇ. ಆದರೆ ಆ ಉಡುಪಿಗೊಂದು ಬೆಲೆಯಿತ್ತು. ವ್ರತಧಾರಿಣಿಯ ದುಡಿಮೆಗೆ ಕೂಲಿಯಿಲ್ಲ. ಅವಳನ್ನೇ ಆದರ್ಶವಾಗಿಟ್ಟುಕೊಂಡ ವೃತ್ತಿಯಲ್ಲಿ ಸಂಸಾರವಂದಿಗ ಶುಶ್ರೂಷಕಿ ಸಂಬಳ, ರಜೆ, ರಾತ್ರಿಪಾಳಿಗಳ ಮಾತೆತ್ತಿದರೆ ‘ಸೇವೆ’ಯ ಹೆಸರಿನಲ್ಲಿ ಬಾಯಿ ಮುಚ್ಚಿಸುವುದು ಸುಲಭವಾಯಿತು. ಖಾಸಗಿ ಆಸ್ಪತ್ರೆಗಳ ಶುಶ್ರೂಷಕಿಯರ ಇಂದಿನ ವೇತನದ ತಕರಾರುಗಳ ಬೇರು ಭಾಗಶಃ ಇಲ್ಲಿದೆ.

ಗಡಿಸೀಮೆಗೆ ಇನ್ನೂ ಒಂದು ತೊಡಕಿದೆ. ಸಭೆಗಳ ಶುಶ್ರೂಷಕಿಯರಲ್ಲಿ ಅನೇಕರು ಕೇರಳದವರು. ಪಾಠ ಇಂಗ್ಲಿಷಿನಲ್ಲಿ, ಊರಿನ ಆಡಳಿತ ತೆಲುಗಿನಲ್ಲಿ, ಮಡಕಶಿರಾ ಕಡೆಯ ಬಸುರಿ ನೋವು ತಿನ್ನುವುದು ಕನ್ನಡದಲ್ಲಿ. ‘ಸಂಕಟ’, ‘ಉರಿ’, ‘ಸೆಳೆತ’, ‘ಹಿಂಡಿದ ಹಾಗೆ’ ಎಂಬ ಮಾತುಗಳ ನಡುವಣ ಅಂತರ ಹೆರಿಗೆಮನೆಯಲ್ಲಿ ಬರಿಯ ಶಬ್ದಾರ್ಥದ ವಿಷಯವಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ಶಾಲೆ ಮತ್ತು ಕಚೇರಿಗಳಲ್ಲೇ ನಿಂತು, ಆಸ್ಪತ್ರೆಯ ಬಾಗಿಲಿಗೆ ಬಾರದಿರುವುದು ವಿಚಿತ್ರ.

ಕಲ್ಯಾಣದುರ್ಗದಲ್ಲಿ ಕಥೆ ಮತ್ತೊಂದು ತಿರುವು ಪಡೆಯಿತು. ಸ್ಪೇನಿನ ಜೆಸ್ವಿತ ವಿಸೆಂಟ್ ಫೆರರ್ 1968ರಲ್ಲಿ ಮಹಾರಾಷ್ಟ್ರದಿಂದ ಹೊರಹೋಗಬೇಕಾಗಿ ಬಂದು, 1969ರಲ್ಲಿ ಅನಂತಪುರದಲ್ಲಿ ನೆಲೆನಿಂತರು. ಮರುವರ್ಷ ಸಭೆಯನ್ನೇ ತೊರೆದು ಗೃಹಸ್ಥರಾದರು. ಅವರ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆಗಳನ್ನು ಕಟ್ಟಿತು. ಹಳ್ಳಿಹಳ್ಳಿಗಳಲ್ಲಿ ಅದೇ ಊರಿನ ಹೆಂಗಸರನ್ನು ಆರೋಗ್ಯ ಕಾರ್ಯಕರ್ತೆಯರನ್ನಾಗಿ ನಿಯಮಿಸಿತು. ಸಭೆಯ ಶಿಸ್ತು, ಪ್ರಾರ್ಥನೆ, ವ್ರತಗಳಿಲ್ಲದ ಈ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿಯೂ ಕೇಳಿಬರುವ ಕರೆ ‘ಸಿಸ್ಟರ್’ ಎಂದೇ.

ಕಲ್ಯಾಣದುರ್ಗದ ದಕ್ಷಿಣಕ್ಕೆ, ಮೂರು ಕಡೆ ಆಂಧ್ರದಿಂದ ಸುತ್ತುವರಿದ ಪಾವಗಡ ತಾಲೂಕಿನ ಕೃಷ್ಣಾಪುರದಲ್ಲಿ ನರಸಮ್ಮ (1920–2018) ಯಾವ ಸಭೆಗೂ ಸೇರದೆ, ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರು. ಓದುಬರಹ ತಿಳಿಯದ ಅವರ ಮನೆಮಾತು ತೆಲುಗು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಆಸ್ಪತ್ರೆಯ ‘ಸಿಸ್ಟರ್’ ಎಂಬ ಪದ ಅವರಿಗೆ ಅಂಟಲಿಲ್ಲ. ಗಡಿಯ ಈಚೆಯ ಪತ್ರಿಕೆಗಳು ಅವರ ಹೆಸರಿನ ಹಿಂದೆ ಬಿರುದಿನಂತೆ ಇಟ್ಟದ್ದು ‘ಸೂಲಗಿತ್ತಿ’ ಎಂಬ ಹಳೆಯ ಕನ್ನಡ ಪದವನ್ನು.