ಕುದುರೆಮುಖದ ದಾರಿಯಲ್ಲಿ

ಬೆಟ್ಟ ಒಂದೇ ಆದರೂ ನೋಡುವವನು ನಿಂತ ಜಾಗಕ್ಕೆ ತಕ್ಕಂತೆ ಅದರ ಹೆಸರು ಬೇರೆಯಾಗುವುದುಂಟು. ಕರಾವಳಿಯಿಂದ ಕಣ್ಣೆತ್ತಿದವರಿಗೆ ಅದು ಕುದುರೆಯ ಮುಖದಂತೆ ತೋರಿತು. ಕುದುರೆಮುಖವೆಂಬ ಹೆಸರು ಹಾಗೆ ಬಂದಿತು. ಅರಬ್ಬೀ ಸಮುದ್ರದಲ್ಲಿ ಹಡಗು ನಡೆಸುತ್ತಿದ್ದವರಿಗೂ ಆ ಶಿಖರವೇ ಗುರುತು. ಘಟ್ಟದ ಮೇಲಿನವರು ಮಾತ್ರ ಸಂಸೆಯೆಂಬ ಹಳ್ಳಿಯ ಕಡೆಯಿಂದ ಅದನ್ನು ಏರುತ್ತಿದ್ದುದರಿಂದ ಸಂಸೆಪರ್ವತವೆಂದರು. ಶಿಖರದ ಎತ್ತರ 1,894 ಮೀಟರ್. ಹಳೆಯ ಲೆಕ್ಕದಲ್ಲಿ ಆರು ಸಾವಿರದ ಇನ್ನೂರು ಅಡಿಗಿಂತ ತುಸು ಮೇಲು.

ಪುರಾಣಿಕರ ದೃಷ್ಟಿಯೇ ಬೇರೆ. ಈ ಸಾಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುತ್ತವೆ. ಹಿರಣ್ಯಾಕ್ಷನನ್ನು ಕೊಂದು ಬಳಲಿ ಕುಳಿತ ವರಾಹಸ್ವಾಮಿಯ ಕೋರೆಗಳಿಂದ ತುಂಗಭದ್ರೆಯರೂ ನೇತ್ರದಿಂದ ನೇತ್ರಾವತಿಯೂ ಹರಿದುವೆಂದು ಕಥೆ. ಮೊದಲಿನ ಎರಡು ಹೊಳೆಗಳು ಬಯಲುಸೀಮೆಯತ್ತ ಸಾಗಿ ಕೂಡಲಿಯಲ್ಲಿ ಒಂದಾಗುತ್ತವೆ. ನೇತ್ರಾವತಿ ಘಟ್ಟವಿಳಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ.

ಇತಿಹಾಸವೂ ಇಲ್ಲಿ ಮೂಕವಲ್ಲ. ಸಾಂತರ ಮೂಲದ ಭೈರರಸರು ಘಟ್ಟದ ಮೇಲೆ ಕಳಸವನ್ನೂ ಕೆಳಗೆ ಕಾರ್ಕಳವನ್ನೂ ರಾಜಧಾನಿಗಳಾಗಿ ಹೊಂದಿ ಎರಡೂ ಸೀಮೆಗಳನ್ನು ಆಳಿದರು. ಅವರಲ್ಲೊಬ್ಬನಾದ ವೀರಪಾಂಡ್ಯನೇ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದವನು. ಜೈನರಸರ ಆಳ್ವಿಕೆಯಲ್ಲಿದ್ದ ಕಳಸದಲ್ಲಿ ಕಳಸೇಶ್ವರನ ಗುಡಿಯೂ ಬಾಳಿಕೊಂಡು ಬಂದಿದೆ. ನಮ್ಮ ಕಣ್ಣಿಗೆ ಅಡ್ಡಗೋಡೆಯಾಗಿ ಕಾಣುವ ಈ ಪರ್ವತವು ಅಂದಿನವರಿಗೆ ಒಂದೇ ರಾಜ್ಯದ ನಡುಮನೆಯಾಗಿದ್ದಿತು. ಮೆಣಸು, ಏಲಕ್ಕಿಗಳು ಇಳಿದು ಹೋಗುತ್ತಿದ್ದ ಘಟ್ಟದ ದಾರಿಗಳಲ್ಲಿಯೇ ಉಪ್ಪು ಏರಿ ಬರುತ್ತಿತ್ತು.

ನಾನು ಮೊದಲು ಅಲ್ಲಿಗೆ ಹೋದದ್ದು 1984ರಲ್ಲಿ, ಒಂಬತ್ತನೆಯ ತರಗತಿಯ ಪ್ರವಾಸದಲ್ಲಿ. ನಮ್ಮನ್ನು ಕರೆದೊಯ್ದದ್ದು ಬೆಟ್ಟ ತೋರಿಸುವುದಕ್ಕಲ್ಲ, ಕಬ್ಬಿಣದ ಗಣಿ ತೋರಿಸುವುದಕ್ಕೆ. ಇಲ್ಲಿ ಅದಿರುಂಟೆಂಬುದನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು 1913ರಲ್ಲಿಯೇ ಕಂಡಿದ್ದರು. ಇರಾನ್ ದೇಶದೊಡನೆ 1975ರಲ್ಲಿ ಒಪ್ಪಂದವಾಗಿ, 1976ರಲ್ಲಿ ಕಂಪೆನಿ ಸ್ಥಾಪನೆಯಾಯಿತು. 1979ರ ಕ್ರಾಂತಿಯಿಂದ ಇರಾನು ಹಿಂದೆ ಸರಿದರೂ ಕೆಲಸ ನಿಲ್ಲಲಿಲ್ಲ. ಅದಿರನ್ನು ಪುಡಿಮಾಡಿ, ಸತ್ವವನ್ನು ಬೇರ್ಪಡಿಸಿ, ನೀರಿನೊಡನೆ ಬೆರೆಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹುಡಿಮಣ್ಣು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು.

ದೈತ್ಯಾಕಾರದ ಲಾರಿಗಳನ್ನು ಬಾಯಿ ಬಿಟ್ಟು ನೋಡಿದೆವು. ಊರಿಗೆ ಬಂದು ನಾನು ಬರೆದ ಪ್ರಬಂಧಕ್ಕೆ ಬಹುಮಾನವೂ ಬಂದಿತು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡವನ್ನು ರಾಷ್ಟ್ರದ ಏಣಿಗೆ ಹೋಲಿಸಿದ್ದೆನೆಂದು ನೆನಪು. ಬಸ್ಸು ಕೆಟ್ಟು ನಿಂತಾಗ ಸೋಗೆಯ ಮನೆಯ ಅಜ್ಜಿಯೊಬ್ಬಳು ನಮಗೆಲ್ಲ ನೀರು, ಬೆಲ್ಲ ಕೊಟ್ಟಿದ್ದಳು. ಪ್ರಬಂಧದಲ್ಲಿ ಆಕೆಗೆ ಒಂದು ವಾಕ್ಯದ ಸ್ಥಳವೂ ಸಿಕ್ಕಿರಲಿಲ್ಲ.

ಅದೇ ಕಾಲದಲ್ಲಿ ಕಾಡಿನ ಒಳಗೆ ಇನ್ನೊಂದು ಎಣಿಕೆ ನಡೆದಿತ್ತು. ಉಲ್ಲಾಸ ಕಾರಂತರು ಸಿಂಗಳೀಕಗಳ ನೆಲೆಗಳನ್ನು ಪರಿಶೀಲಿಸುತ್ತಿದ್ದರು. ಸಿಂಹದ ಕೇಸರದಂತಹ ಕೂದಲಿನ ಈ ಕಪ್ಪು ಕೋತಿ ಬಹುಮಟ್ಟಿಗೆ ಮರದ ಮೇಲೆಯೇ ಬಾಳುವ ಪ್ರಾಣಿ. ಕೊಂಬೆಗೆ ಕೊಂಬೆ ತಾಗಿದ ಕಾಡಿಲ್ಲದಿದ್ದರೆ ಅದಕ್ಕೆ ಬದುಕಿಲ್ಲ. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸರ್ಕಾರ ಘೋಷಿಸಿತು. ಅರಣ್ಯ ಇಲಾಖೆಯಲ್ಲಿ ದುಡಿದಿದ್ದ ಕೊಡಗಿನ ಕೆ. ಎಂ. ಚಿಣ್ಣಪ್ಪನವರು ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತಿತು. ಪಶ್ಚಿಮಘಟ್ಟವು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದಾಗ ಈ ಉದ್ಯಾನವೂ ಅದರಲ್ಲಿ ಒಂದಾಯಿತು.

ತೀರ್ಪಿನ ಬೆಲೆ ಅಲ್ಲಿಯ ನೆಲವನ್ನು ಕಂಡರೆ ತಿಳಿಯುತ್ತದೆ. ಗುಡ್ಡಗಳ ನೆತ್ತಿಯೆಲ್ಲ ಹುಲ್ಲು. ಕಣಿವೆಯ ಮಡಿಲಿನಲ್ಲಿ ಮಾತ್ರ ದಟ್ಟವಾದ ಕಾಡು. ತಮಿಳಿನ ‘ಚೋಲೈ’ ಎಂಬ ಮಾತಿನಿಂದ ಬಂದ ಶೋಲಾ ಎಂಬ ಹೆಸರಿನಿಂದ ಇದನ್ನು ಶಾಸ್ತ್ರಜ್ಞರು ಕರೆಯುತ್ತಾರೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಹುಲ್ಲಿನ ಬೇರೂ ಕಾಡಿನ ತರಗೂ ನೀರನ್ನು ಹಿಡಿದಿಟ್ಟು, ಬೇಸಗೆಯವರೆಗೆ ಹನಿಹನಿಯಾಗಿ ಬಿಡುತ್ತವೆ. ಭದ್ರೆಯ ನೀರು ಕುಡಿದು ಬೆಳೆದ ನನಗೆ, ಆ ನೀರಿನ ಕಣಜವನ್ನು ಕಡಿದದ್ದನ್ನೇ ಹುಡುಗನಾಗಿ ಹಾಡಿ ಹೊಗಳಿದೆನಲ್ಲಾ ಎಂದು ನಾಚಿಕೆಯಾಯಿತು.

ಹೋದ ವರ್ಷ ನನ್ನ ವಿದ್ಯಾರ್ಥಿಗಳೊಡನೆ ಮತ್ತೆ ಹೋದೆ. ಗಣಿಯ ಕಾಲದಲ್ಲಿ ಗಿಜಿಗುಡುತ್ತಿದ್ದ ಊರಿನಲ್ಲಿ ಸಾಲು ಸಾಲು ಮನೆಗಳಿಗೆ ಬೀಗ. ಅರಣ್ಯ ಇಲಾಖೆಯ ಅನುಮತಿ ಪಡೆದು, ಮುಳ್ಳೋಡಿಯ ಕಡೆಯಿಂದ ಬೆಟ್ಟ ಹತ್ತಿದೆವು. ದಾರಿ ತೋರಿಸಲು ಬಂದವರು ಮಲೆಕುಡಿಯರೊಬ್ಬರು. ಮನೆಮಾತು ತುಳು; ನಮ್ಮೊಡನೆ ಕನ್ನಡ. ಯಾವ ಬಳ್ಳಿ ಬುಟ್ಟಿಗೆ ಬರುತ್ತದೆ, ಯಾವ ಮರದಲ್ಲಿ ಜೇನು ಕೂರುತ್ತದೆ, ಯಾವ ಕಲ್ಲಿನ ಬಳಿ ದೈವಕ್ಕೆ ಕೈ ಮುಗಿದು ಮುಂದೆ ಹೋಗಬೇಕು, ಎಲ್ಲವನ್ನೂ ಹೇಳುತ್ತ ನಡೆದರು. ನಾನು ಗಣಿಯ ಮಾತೆತ್ತಿದಾಗ ಒಂದು ಗಳಿಗೆ ನಿಂತು, “ಗಣಿ ಬರುವಾಗ ನಮ್ಮನ್ನು ಯಾರೂ ಕೇಳಲಿಲ್ಲ ಮೇಷ್ಟ್ರೇ, ಹೋಗುವಾಗಲೂ ಕೇಳಲಿಲ್ಲ. ಈಗ ಕೇಳ್ತಾರೆ, ನೀವು ಯಾವಾಗ ಹೋಗ್ತೀರಿ ಅಂತ” ಎಂದರು.

ಉದ್ಯಾನದೊಳಗಿನ ಕುಟುಂಬಗಳು ಸ್ವಇಚ್ಛೆಯಿಂದ ಹೊರಗೆ ನೆಲಸುವುದಾದರೆ ಪರಿಹಾರ ಕೊಡುವ ಯೋಜನೆಯುಂಟು. ಮಕ್ಕಳ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ನೆನೆದು ಕೆಲವರು ಹೊರಟಿದ್ದಾರೆ. ಮತ್ತೆ ಕೆಲವರು ಉಳಿದಿದ್ದಾರೆ. ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದವರ ಹಕ್ಕನ್ನು ಮನ್ನಿಸುವ ಕಾಯಿದೆಯೂ 2006ರಲ್ಲಿ ಆಗಿದೆ. ಸಿಂಗಳೀಕಕ್ಕೆ ಕಾಡು ಬೇಕು, ನಮ್ಮ ಹೊಳೆಗಳಿಗೂ ಕಾಡು ಬೇಕು; ಇದರಲ್ಲಿ ಎರಡು ಮಾತಿಲ್ಲ. ಆದರೆ ಹೋಗುವುದೋ ಇರುವುದೋ ಎಂಬ ತೀರ್ಮಾನ ಆ ಮನೆಯವರ ಬಾಯಿಂದಲೇ ಬರಬೇಕು. ರಸ್ತೆ, ದೀಪಗಳನ್ನು ಕೊಡದೆ ಬೇಸರಪಡಿಸಿ ಹೊರಡಿಸುವುದು ಸ್ವಇಚ್ಛೆಯೆನಿಸಲಾರದು.

ರಜೆಯಲ್ಲಿ ಕುದುರೆಮುಖಕ್ಕೆ ಹೊರಡುವವರಿಗೆ ನನ್ನದೊಂದು ವಿನಂತಿ. ಹುಲ್ಲುಗಾವಲನ್ನು ನೋಡಿ, ಗಂಗಾಮೂಲದ ಸೀಮೆಗೆ ಕೈ ಮುಗಿಯಿರಿ, ಕಳಸದ ಗುಡಿಯನ್ನೂ ಕಾರ್ಕಳದ ಗೊಮ್ಮಟನನ್ನೂ ಕಂಡು ಬನ್ನಿ. ಜೊತೆಗೆ, ದಾರಿ ತೋರಿಸಿದವರ ಅಂಗಳದಲ್ಲಿ ಅರ್ಧ ಗಳಿಗೆ ಕುಳಿತು ಅವರ ಮಾತನ್ನೂ ಕೇಳಿ. ನಮ್ಮ ಮಕ್ಕಳು ಈ ಸಲ ಪ್ರಬಂಧ ಬರೆದರು. ಬಹುಮಾನಕ್ಕೆ ಆರಿಸುವ ಮೊದಲು, ನೀರು ಕೊಟ್ಟ ಮನೆಯ ಸುದ್ದಿ ಯಾರು ಯಾರು ಬರೆದಿದ್ದಾರೆಂದು ನೋಡಿದೆ. ಹನ್ನೊಂದು ಮಂದಿ ಬರೆದಿದ್ದರು.