ಕಳ್ಳನಿಗೆ ಬೇಡವಾದ ಸೈಕಲ್ಲು

ಆರಾಮ ಕುರ್ಚಿಯಲ್ಲಿ ಒರಗಿದಂತೆ ಕುಳಿತು, ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ಸೈಕಲ್ಲೊಂದಿದೆ. ಅದರ ಹೆಸರು ರಿಕಂಬೆಂಟ್. ನಾವು ಅದನ್ನು ಒರಗು ಸೈಕಲ್ ಎನ್ನಬಹುದು. ಇಂಥ ವಿಚಿತ್ರ ವಾಹನವನ್ನು ಕಳ್ಳರು ಮುಟ್ಟುವುದಿಲ್ಲ ಎಂಬ ಮಾತುಂಟು. ಅದು ನಿಜವೇ ಎಂದು ತಿಳಿಯಲು ಮೊದಲು ಮಾಮೂಲಿ ಸೈಕಲ್ಲು ಏಕೆ ಕಳುವಾಗುತ್ತದೆಂದು ನೋಡಬೇಕು. ಅದಕ್ಕೆ ಬೆಂಗಳೂರಿನ ಉತ್ತರದ ಅಂಚಿನ ಕಾರ್ಖಾನೆಗಳಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಎಚ್‌ಎಂಟಿ ಸ್ಥಾಪನೆಯಾದದ್ದು 1953ರಲ್ಲಿ, ಬಿಇಎಲ್ 1954ರಲ್ಲಿ. ಎರಡರ ನೆಲೆಯೂ ಜಾಲಹಳ್ಳಿ. 70ರ ದಶಕದ ಕೊನೆಗೆ ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. ಆ ಕಾಲದ ಕಾರ್ಮಿಕನ ವಾಹನವೆಂದರೆ ಸೈಕಲ್ಲು. ಮದರಾಸಿನ ಹರ್ಕ್ಯುಲಿಸ್, ಸೋನೆಪತ್‌ನ ಅಟ್ಲಾಸ್, ಲೂಧಿಯಾನದ ಹೀರೋ ಎಂದು ಹೆಸರುಗಳು ಬೇರೆಯಾದರೂ ರೂಪ ಒಂದೇ: ಕಪ್ಪು ಬಣ್ಣ, 28 ಅಂಗುಲದ ಗಾಲಿ, ಬ್ರೇಕಿಗೆ ಕಬ್ಬಿಣದ ಸರಳು. ಇಂಗ್ಲೆಂಡಿನ ರೋಡ್‌ಸ್ಟರ್ ಸೈಕಲ್ಲಿನ ಅಚ್ಚು ಅದು. ಒಂದರ ಪೆಡಲು ಇನ್ನೊಂದಕ್ಕೆ ಕೂಡುತ್ತಿತ್ತು. ಯಾವ ಊರಿನಲ್ಲಿ ಕೆಟ್ಟರೂ ರಿಪೇರಿಯಾಗುತ್ತಿತ್ತು, ಯಾವ ಊರಿನಲ್ಲಾದರೂ ಮಾರಾಟವೂ ಆಗುತ್ತಿತ್ತು. ಕಂತಿನಲ್ಲಿ ಕೊಂಡ ಸೈಕಲ್ಲು ಕಳುವಾದವನಿಗೆ ಉಳಿಯುತ್ತಿದ್ದುದು ಕಂತು ಮಾತ್ರ. ಠಾಣೆಯಲ್ಲಿ ‘ಕಪ್ಪು ಬಣ್ಣದ ಅಟ್ಲಾಸ್’ ಎಂದು ಬರೆಸಿದರೆ ಆ ವರ್ಣನೆಗೆ ಸಿಗುವ ಸೈಕಲ್ಲುಗಳು ಊರು ತುಂಬ ಇದ್ದವು. ಗುರುತಿಗೆ ಫ್ರೇಮಿನ ಮೇಲೆ ಕೊರೆದ ನಂಬರೊಂದಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳುವವರು ಆಗಲೂ ಕಡಿಮೆ, ಈಗಲೂ ಕಡಿಮೆ.

ಡಿ ಸಿಕಾ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’ (1948) ಚಿತ್ರವನ್ನು ನೋಡಿದವರಿಗೆ ನೆನಪಿರಬಹುದು. ಸೈಕಲ್ ಕಳೆದುಕೊಂಡ ನಾಯಕ ಮತ್ತು ಅವನ ಗೆಳೆಯರು ರೋಮಿನ ಸಂತೆಯಲ್ಲಿ ಹುಡುಕುವುದು ಇಡೀ ಸೈಕಲ್ಲನ್ನಲ್ಲ. ಒಬ್ಬ ಫ್ರೇಮು, ಒಬ್ಬ ಟೈರು, ಇನ್ನೊಬ್ಬ ಬೆಲ್ಲು ಪಂಪು ಎಂದು ಹಂಚಿಕೊಂಡು ಹುಡುಕುತ್ತಾರೆ. ಬಿಚ್ಚಿದ ಸೈಕಲ್ಲಿಗೆ ಒಡೆಯನಿಲ್ಲ.

ಇದಕ್ಕೆ ನಮ್ಮವರು ಕಂಡುಕೊಂಡಿದ್ದ ಉಪಾಯವೆಂದರೆ ಸೈಕಲ್ಲನ್ನು ವಿಚಿತ್ರ ಮಾಡುವುದು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಯವರು ಮಡ್‌ಗಾರ್ಡಿನ ಮೇಲೆ ದಪ್ಪ ಅಂಕಿಯನ್ನೂ ಅಂಗಡಿಯ ಹೆಸರನ್ನೂ ಬರೆಸುತ್ತಿದ್ದರು. ಸ್ವಂತ ಸೈಕಲ್ಲಿನವರು ಚೈನ್‌ಕವರಿನ ಮೇಲೆ ಹೆಸರು ಬರೆಸಿ, ಫ್ರೇಮಿಗೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದರು. ಶೋಕಿಯೂ ಹೌದು, ಗುರುತೂ ಹೌದು.

ಒರಗು ಸೈಕಲ್ಲಿಗೆ ಈ ಗುರುತು ಹುಟ್ಟಿನಿಂದಲೇ ಬಂದಿದೆ. ಅದು ಅಪರೂಪವಾಗಿ ಉಳಿದದ್ದರ ಹಿಂದೆ ಒಂದು ಕಥೆಯಿದೆ. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಎರಡನೆಯ ದರ್ಜೆಯ ಸವಾರ, ಚಾರ್ಲ್ಸ್ ಮೋಶೆ ರೂಪಿಸಿದ ಇಂಥ ಸೈಕಲ್ಲಿನಲ್ಲಿ ಒಂದು ಗಂಟೆಯಲ್ಲಿ 45.055 ಕಿ.ಮೀ. ಕ್ರಮಿಸಿದ. 1914ರಿಂದ ನಿಂತಿದ್ದ ದಾಖಲೆ ಮುರಿಯಿತು. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಇಂಥ ಸೈಕಲ್ಲುಗಳನ್ನು ಮಾನ್ಯ ಸ್ಪರ್ಧೆಗಳಿಂದ ಹೊರಗಿಟ್ಟಿತು. ಸ್ಪರ್ಧೆಯಿಲ್ಲದ ಮೇಲೆ ಕಾರ್ಖಾನೆಗಳಿಗೂ ಆಸಕ್ತಿಯಿಲ್ಲ. ಅಂಗಡಿಯಲ್ಲಿಲ್ಲದ ಸೈಕಲ್ಲಿಗೆ ಕದ್ದ ಮಾಲಿನ ಪೇಟೆಯೂ ಹುಟ್ಟಲಿಲ್ಲ!

ಅಪರಾಧಶಾಸ್ತ್ರಜ್ಞ ರೊನಾಲ್ಡ್ ಕ್ಲಾರ್ಕ್ 1999ರಲ್ಲಿ, ಕಳ್ಳರು ಹೆಚ್ಚು ಬಯಸುವ ವಸ್ತುಗಳ ಲಕ್ಷಣಗಳನ್ನು ಹೇಳಿದ್ದಾರೆ. ಬಚ್ಚಿಡಲು ಬರಬೇಕು, ಒಯ್ಯಲು ಬರಬೇಕು, ಎಲ್ಲೆಡೆ ಸಿಗಬೇಕು, ಬೆಲೆ ಬಾಳಬೇಕು, ಖುಷಿ ಕೊಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬೇಗ ಮಾರಾಟವಾಗಬೇಕು. ಒರಗು ಸೈಕಲ್ಲಿಗೆ ಬೆಲೆಯೇನೋ ಇದೆ, ಆದರೆ ಅದು ಸಂದಿಯಲ್ಲಿ ಅಡಗುವುದಿಲ್ಲ. ಅಭ್ಯಾಸವಿಲ್ಲದವನು ಹತ್ತಿದರೆ ತೂಗಾಡಿ ಬೀಳುತ್ತಾನೆ. ಕೊಳ್ಳುವವನು ಮೊದಲು ಕೇಳುವುದೇ ‘ಎಲ್ಲಿಂದ ತಂದೆ?’ ಎಂದು. ಹಾಗೆಂದು ಅದು ಕಳುವಾದ ಸುದ್ದಿ ಅಪರೂಪ ಎಂಬುದನ್ನೇ ಪುರಾವೆ ಮಾಡಿಕೊಳ್ಳುವಂತಿಲ್ಲ. ಇರುವುದೇ ನಾಲ್ಕಾದರೆ ಕಳುವಾಗುವುದು ಎಷ್ಟು? ಅಲ್ಲದೆ ಅದರ ಗೇರು, ಬ್ರೇಕು, ಪೆಡಲುಗಳು ಹೆಚ್ಚಾಗಿ ಮಾಮೂಲಿಯವೇ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳೆದುರು ನಿಲ್ಲುವ ದುಬಾರಿ ಸೈಕಲ್ಲುಗಳಿಗೂ ಅವು ಕೂಡುತ್ತವೆ.

ಈ ಅಪಾಯವನ್ನು ಅರಿತವರು ಕೋಪನ್‌ಹೇಗನ್ ನಗರದವರು. ಅಲ್ಲಿ 1995ರಲ್ಲಿ ನಾಣ್ಯ ಹಾಕಿ ಒಯ್ಯುವ ಸಾರ್ವಜನಿಕ ಸೈಕಲ್ಲುಗಳು ಬಂದಾಗ, ಬಿಡಿಭಾಗಗಳನ್ನೇ ಬೇರಾವ ಸೈಕಲ್ಲಿಗೂ ಕೂಡದಂತೆ ಮಾಡಿಸಿದರು. ಆದರೆ ಮಾರಾಟಕ್ಕಾಗಿ ಕದಿಯುವವನನ್ನು ತಡೆದರೂ, ಮೋಜಿಗೆ ಒಯ್ಯುವವನನ್ನು ರೂಪ ತಡೆಯುವುದಿಲ್ಲ. ಪ್ಯಾರಿಸ್ಸಿನ ವೆಲಿಬ್ ಸೈಕಲ್ಲುಗಳು ಭಾರವಾಗಿದ್ದವು, ದೂರದಿಂದಲೇ ಗುರುತು ಸಿಗುವಂತಿದ್ದವು. ಆದರೂ 2007ರಲ್ಲಿ ಬೀದಿಗಿಳಿದ ಅವುಗಳಲ್ಲಿ ಎರಡೇ ವರ್ಷದಲ್ಲಿ ಸಾವಿರಾರು ಕಳುವಾದವು.

2017ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಯುಲು ಸಂಸ್ಥೆ ಬಾಡಿಗೆಗೆ ಬಿಟ್ಟ ವಾಹನಗಳೂ ಅಂಗಡಿಯ ಸೈಕಲ್ಲಿನಂತಿರಲಿಲ್ಲ. ಅವಕ್ಕೆ ಮೊಬೈಲಿನಿಂದ ತೆರೆಯುವ ಬೀಗ, ಎಲ್ಲಿದೆ ಎಂದು ತಿಳಿಸುವ ಜಿಪಿಎಸ್ ಎರಡೂ ಇದ್ದವು. ಹಳೆಯ ಬಾಡಿಗೆ ಅಂಗಡಿಯವನು ಮಡ್‌ಗಾರ್ಡಿನ ಮೇಲೆ ಬರೆಸುತ್ತಿದ್ದ ಅಂಕಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಉಪಗ್ರಹ ಮಾಡುತ್ತದೆ.